ಆಮೆ ಮುದ್ರೆಯ ಟಪಾಲು

ನಮ್ಮ ಡ್ರಿಲ್ ಮಾಸ್ತರರು ತೀರಿಕೊಂಡ ಮರುವಾರ ಪುತ್ತೂರಿನ ನಮ್ಮ ಹೈಸ್ಕೂಲಿನಲ್ಲಿ ಒಂದು ಸಂತಾಪಸಭೆ ನಡೆಯಿತು. ಹೆಡ್ಮಾಸ್ತರರು ಎದ್ದು ನಿಂತು, ಮೃತರು ಶಿಸ್ತಿನ ಸಾಕಾರಮೂರ್ತಿ, ಜೀವಮಾನದಲ್ಲಿ ಸರಕಾರದ ಒಂದು ನಿಯಮವನ್ನೂ ಮೀರಿದವರಲ್ಲ ಎಂದರು. ಅವರು ಹೊಸಬರು, ಅವರ ತಪ್ಪಲ್ಲ. ಹಿಂದಿನ ಬೆಂಚಿನಲ್ಲಿ ಕೂತಿದ್ದ ನಮಗೆ ಕೆಲವು ಹಳಬರಿಗೆ ಒಟ್ಟಿಗೇ ಕೆಮ್ಮು ಬಂತು. ಸರಕಾರದ ಒಂದು ಇಡೀ ಇಲಾಖೆಯನ್ನು ಸರಕಾರಕ್ಕೆ ಗೊತ್ತಿಲ್ಲದೆ ನಡೆಸಿದ ಮನುಷ್ಯನ ಬಗ್ಗೆ ಇಂಥ ಮಾತು ಕೇಳಿದರೆ ಬೇರೇನು ಮಾಡುವುದು? ಆಮೇಲೆ ಮೌನಾಚರಣೆ ಆಯಿತು, ಚಾ ಕೊಟ್ಟರು, ನಾವು ಮನೆಗೆ ಹೋದೆವು.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಇದ್ದಾಗಲೂ ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದಿಲ್ಲ. ಹೆಂಡತಿಗೆ ಅವರು 'ಇವರು', ಶಾಲೆಯ ಮಕ್ಕಳಿಗೆ ಬೆನ್ನ ಹಿಂದೆ 'ಪೀಪಿ', ಉಳಿದ ಪುತ್ತೂರಿಗೆ ಡ್ರಿಲ್ ಮಾಸ್ಟ್ರು. ಖಾಕಿ ಚಡ್ಡಿ, ಮೊಣಕಾಲಿನವರೆಗೆ ಉಣ್ಣೆಯ ಕಾಲುಚೀಲ, ಸೈನ್ಯದಿಂದ ತಂದ ಬೂಟು, ಕೊರಳಲ್ಲಿ ಸೀಟಿ. 'ಯುದ್ಧದ ಕಾಲದಲ್ಲಿ ಸೈನ್ಯದಲ್ಲಿದ್ದೆ' ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದರು. ಕೇಳಿದವರು ಬಂದೂಕು, ಬಾಂಬು ಎಂದೆಲ್ಲ ಬೇಕಾದಷ್ಟು ಕಲ್ಪಿಸಿಕೊಳ್ಳಲಿ ಎಂದು. ನಿಜವಾಗಿ ಅವರಿದ್ದದ್ದು ಉಗ್ರಾಣದ ಗುಮಾಸ್ತಿಕೆಯಲ್ಲಿ. ಯುದ್ಧ ಮುಗಿಯುವವರೆಗೂ ಕಂಬಳಿ ಎಣಿಸಿದ್ದರು. ಇದನ್ನು ನನಗೆ ಹೇಳಿದ್ದು ಅವರ ಹೆಂಡತಿ, ನಾನು ಅಕ್ಕ ಎಂದು ಕರೆಯುತ್ತಿದ್ದವರು.

ಪುತ್ತೂರಿನ ದರ್ಬೆಯಲ್ಲಿ ನಮ್ಮಿಬ್ಬರ ಬಾಡಿಗೆಮನೆಗಳಿಗೆ ಒಂದೇ ಗೋಡೆ. ನಾನು ಅದೇ ಶಾಲೆಯ ಕನ್ನಡ ಪಂಡಿತ. ಬೆಳಿಗ್ಗೆ ಗೋಡೆಯ ಆಚೆ ಸೀಟಿ ಕೇಳಿದರೆ ಅವರ ಸ್ನಾನಕ್ಕೆ ನೀರು ಕಾದಿದೆ ಎಂದರ್ಥ. ಇನ್ನೊಮ್ಮೆ ಕೇಳಿದರೆ ದೋಸೆ ಸಾಕು ಎಂದರ್ಥ. ಬಸ್‌ಸ್ಟ್ಯಾಂಡಿನಲ್ಲಿ ಗುರುತಿಲ್ಲದ ಜನರನ್ನು ಸಾಲಾಗಿ ನಿಲ್ಲಿಸುತ್ತಿದ್ದರು. ಒಂದು ಮದುವೆಯ ಮನೆಯಲ್ಲಿ ಮಜ್ಜಿಗೆಗೆ ಮುಗಿಬಿದ್ದ ದಿಬ್ಬಣದವರನ್ನು ಎತ್ತರದ ಪ್ರಕಾರ ನಿಲ್ಲಿಸಿ, ಮದುಮಗನ ಸೋದರಮಾವ ಎಲ್ಲರಿಗಿಂತ ಎತ್ತರವಾಗಿ ಕೊನೆಗೆ ಬಿದ್ದ ಕಾರಣ ಅವರಿಗೆ ಮಜ್ಜಿಗೆಯೇ ಸಿಗದ ಹಾಗೆ ಮಾಡಿದ್ದರು. ಆ ಸಂಬಂಧ ಸರಿಯಾಗಲು ಒಂದು ತೊಟ್ಟಿಲು ತೂಗಬೇಕಾಯಿತು.

ಅವರ ತಲೆಯಲ್ಲಿ ಒಂದು ಆಟ ಹೊಕ್ಕಿತ್ತು. ಸೈನ್ಯದಲ್ಲಿದ್ದಾಗ ಒಬ್ಬ ಬಿಳಿ ಸಾರ್ಜೆಂಟ್ ತನ್ನ ಊರಿನ ಬೋಳುಗುಡ್ಡಗಳ ಕಥೆ ಹೇಳಿದ್ದನಂತೆ. ಅಲ್ಲಿ ಜನ ಗುಡ್ಡದ ಮೇಲೆ ಒಂದು ಪೆಟ್ಟಿಗೆಯನ್ನು ಅಡಗಿಸಿಡುತ್ತಾರೆ. ಒಳಗೆ ಒಂದು ಮುದ್ರೆ, ಒಂದು ಪುಸ್ತಕ. ಎಲ್ಲಿದೆ ಎಂಬುದಕ್ಕೆ ಒಗಟಿನಂಥ ಸುಳಿವು ಬರೆದು ಊರಲ್ಲಿ ಹಂಚುತ್ತಾರೆ. ಸುಳಿವು ಹಿಡಿದು ಹುಡುಕಿ ಬಂದವನು ಪುಸ್ತಕದಲ್ಲಿ ತನ್ನ ಗುರುತು ಹಾಕಿ, ಪೆಟ್ಟಿಗೆಯ ಮುದ್ರೆಯನ್ನು ತನ್ನ ಪುಸ್ತಕದಲ್ಲಿ ಒತ್ತಿಕೊಂಡು, ಎಲ್ಲವನ್ನೂ ಇದ್ದ ಹಾಗೇ ಮುಚ್ಚಿಟ್ಟು ಇಳಿಯಬೇಕು. ಅಷ್ಟೇ. ಬಹುಮಾನವೂ ಇಲ್ಲ, ಭಾಷಣವೂ ಇಲ್ಲ.

"ಮತ್ತೆ ಇದರಿಂದ ಎಂತ ಸಿಗುದು?" ಎಂದು ನಾನು ಕೇಳಿದ್ದೆ.

"ಎಂತದೂ ಸಿಗುದಿಲ್ಲ, ಅದೇ ಅದರ ಚಂದ. ಗುಡ್ಡ ಯಾರಪ್ಪಂದೂ ಅಲ್ಲ ಪಂಡಿತರೆ. ಇಲ್ಲಿಯವರಿಗೆ ಗುಡ್ಡ ಅಂದ್ರೆ ಸೊಪ್ಪು, ಸೌದೆ. ಸುಮ್ಮನೆ ಹತ್ತುದು ಅಂತ ಒಂದು ಉಂಟು ಅಂತಲೇ ಗೊತ್ತಿಲ್ಲ."

ನನಗಂತೂ ಗೊತ್ತಿತ್ತು, ಆದ್ದರಿಂದಲೇ ನಾನು ಹತ್ತುತ್ತಿರಲಿಲ್ಲ. ಆದರೂ ಒಂದು ಕ್ರಿಸ್ಮಸ್ ರಜೆಯಲ್ಲಿ ನನ್ನನ್ನು ಎಳೆದುಕೊಂಡು ಹೋದರು. ಸುಳಿವು ಬರೆಯಲು ಭಾಷೆ ಬಲ್ಲವನೊಬ್ಬ ಬೇಕು ಎಂದು ಹೊಗಳಿದರು. ಹೊಗಳಿಕೆಗೆ ನಾನು ಯಾವತ್ತೂ ಸುಲಭದ ಗಿರಾಕಿ. ಸೈನ್ಯದ ಹಳೆಯ ಡೇರೆ, ಕುಚ್ಚಲಕ್ಕಿ, ಉಪ್ಪಿನಕಾಯಿ, ಉಂಬಳದ ಜಿಗಣೆಗೆ ಸುಣ್ಣ ಮತ್ತು ಹೊಗೆಸೊಪ್ಪಿನ ಪುಡಿ, ಮೂರು ತಗಡಿನ ಪೆಟ್ಟಿಗೆ. ಪೆಟ್ಟಿಗೆಗಳಿಗೆ ಅವರು ಕೆಂಪು ಬಣ್ಣ ಬಳಿದಿದ್ದರು. ಶಾಲೆಯ ಆಟದ ದಿನಕ್ಕೆ ಹಾರುಗಂಬಗಳಿಗೆ ಬಳಿದು ಉಳಿದ ಬಣ್ಣ ಅದು, ಬೇರೆ ಉದ್ದೇಶ ಏನೂ ಇರಲಿಲ್ಲ. ಮುದ್ರೆಗಳನ್ನು ಹಳೆಯ ಬೂಟಿನ ಹಿಮ್ಮಡಿಯ ರಬ್ಬರಿನಲ್ಲಿ ತಾವೇ ಕೆತ್ತಿದ್ದರು. ಮೊದಲನೆಯದು ಹುಲಿ, ಎರಡನೆಯದು ನವಿಲು. ಮೂರನೆಯದಕ್ಕೆ ಬರುವಾಗ ಕೈ ಸೋತು ಆಮೆ ಆಗಿತ್ತು.

ಅರಂತೋಡಿಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಗುಡ್ಡ ಹತ್ತಿ, ಮರ್ಕಂಜದ ಕಡೆಗೆ ತಿರುಗಿ, ಕಾಡುದಾರಿಯಲ್ಲಿ ಕಡಬದ ಬದಿಗೆ ಇಳಿದು, ಕೊನೆಗೆ ನೆಲ್ಯಾಡಿಯ ಮೇಲಿನ ಗುಡ್ಡ. ಅರಂತೋಡು, ಮರ್ಕಂಜ, ನೆಲ್ಯಾಡಿ, ಮೂರು ಕಡೆ ಒಂದೊಂದು ಪೆಟ್ಟಿಗೆ ಅಡಗಿಸಿದೆವು. ಡೇರೆ ಹಾಕಲು ಸೀಟಿ, ಒಲೆ ಹೊತ್ತಿಸಲು ಸೀಟಿ. ದಾರಿ ತಪ್ಪಿದರೂ ಯಾರಲ್ಲೂ ಕೇಳಬಾರದು ಎಂಬುದು ಅವರ ನಿಯಮ. ಮರ್ಕಂಜದ ಹತ್ತಿರ ಒಬ್ಬ ಗೌಡರು ತಮ್ಮ ತೋಟದಲ್ಲಿ ನಮ್ಮನ್ನು ಹಿಡಿದು ನಿಲ್ಲಿಸಿ, "ಎಲ್ಲಿಗೆ ಹೋಗುದು ಮಾರಾಯ್ರೆ?" ಎಂದಾಗ ಇವರು, "ಎಲ್ಲಿಗೂ ಇಲ್ಲ, ಸುಮ್ಮನೆ" ಎಂದರು. ಗೌಡರಿಗೆ ಇಬ್ಬರೂ ಸರ್ವೆಯವರು, ಸುಳ್ಳು ಹೇಳುತ್ತಿದ್ದಾರೆ ಎಂದು ಖಾತ್ರಿಯಾಯಿತು. ಜಾಗ ಅಳೆಯದೆ ಹೋಗಲಿ ಎಂದು ಊಟ ಹಾಕಿ ಕಳಿಸಿದರು. ಆ ಪ್ರವಾಸದಲ್ಲಿ ನಾನು ಹೊಟ್ಟೆತುಂಬ ಉಂಡದ್ದು ಅದೊಂದೇ ಸಲ.

ಹಿಂತಿರುಗಿ ಬಂದ ಮೇಲೆ ಸುಳಿವಿನ ಚೀಟಿಗಳನ್ನು ಶಾಲೆಯ ಬೋರ್ಡಿಗೆ ಹಚ್ಚಿದರು. ಬಾರ್ ಅಸೋಸಿಯೇಶನ್ನಿನವರಿಗೆ, ಹೊಟೇಲಿನವರಿಗೆ, ಬಸ್ಸಿನ ಏಜೆಂಟನಿಗೆ ಹಂಚಿದರು. ವರ್ಷವಾಗುತ್ತ ಬಂದರೂ ಒಂದು ನರಪಿಳ್ಳೆಯೂ ಹೋಗಲಿಲ್ಲ. ಅರಂತೋಡಿನ ಪೆಟ್ಟಿಗೆ ದನ ಮೇಯಿಸುವವರ ಕೈಗೆ ಸಿಕ್ಕಿ ವೀಳ್ಯದೆಲೆಯ ಕರಡಿಗೆಯಾಯಿತು. ಮರ್ಕಂಜದ್ದನ್ನು ಯಾರೋ ಮಾಟವೆಂದು ಹೆದರಿ, ಜೋಯಿಸರಲ್ಲಿ ಪ್ರಶ್ನೆ ಇಡಿಸಿದರಂತೆ. ಪಾಲಾಗಿ ಮಾತುಬಿಟ್ಟಿದ್ದ ಅಣ್ಣತಮ್ಮಂದಿರು ಆ ನೆಪದಲ್ಲಿ ಒಂದೇ ಚಾಪೆಯಲ್ಲಿ ಕೂತು ಹೋಮ ಮಾಡಿಸಿ, ನವಿಲು ಮುದ್ರೆಯನ್ನು ಹೊಳೆಗೆ ಬಿಟ್ಟರು. ಊರಿಗೆ ಒಳ್ಳೆಯದೇ ಆಯಿತಲ್ಲ ಎಂದು ನಾನು ಸಮಾಧಾನ ಹೇಳಿದೆ. "ಪುಸ್ತಕದಲ್ಲಿ ಒಂದು ಗುರುತು ಹಾಕಿ ಬಿಟ್ಟಿದ್ರೆ ಎಂತ ಆಗ್ತಿತ್ತು ಅವರಿಗೆ?" ಎಂದು ಮಾಸ್ತರರು ಎರಡು ದಿನ ಗೊಣಗಿದರು.

ಉಳಿದದ್ದು ನೆಲ್ಯಾಡಿಯ ಮೇಲಿನ ಆಮೆ ಪೆಟ್ಟಿಗೆ. ಮಳೆಗಾಲ ಮುಗಿದ ಕೂಡಲೇ ಅದನ್ನು ನೋಡಲು ಹೊರಟರು. ಈ ಸಲವೂ ನಾನು ಜೊತೆಗಿದ್ದೆ, ಯಾಕೆಂದು ಇವತ್ತಿಗೂ ತಿಳಿಯದು. ಬೋಳುಬಂಡೆ ದಾಟಿದರೆ ಒಂದು ಒಂಟಿ ಬೈನೆ ಮರ, ಅದರ ಬುಡದ ಕಲ್ಲಿನ ಪೊಟರೆಯಲ್ಲಿ ಪೆಟ್ಟಿಗೆ. ಮಾಸ್ತರರು ಮುಚ್ಚಳ ತೆಗೆದವರು ಹಾಗೇ ಕೂತುಬಿಟ್ಟರು. ಪುಸ್ತಕ ಖಾಲಿ ಇತ್ತು. ಅದರ ಮೇಲೆ ಒಂದು ಕಟ್ಟು ಕಾಗದ. ಇನ್‌ಲ್ಯಾಂಡು, ಕಾರ್ಡು, ಲಕೋಟೆ, ವಿಳಾಸ ಎಲ್ಲ ಮಲೆಯಾಳದಲ್ಲಿ. ಪ್ರತಿಯೊಂದರ ಸ್ಟಾಂಪಿನ ಮೇಲೂ ಶ್ರದ್ಧೆಯಿಂದ ಒತ್ತಿದ ಒಂದು ಆಮೆ.

ಗುಡ್ಡದ ಆಚೆ ಇಳಿಜಾರಿನಲ್ಲಿ ತಿರುವಾಂಕೂರಿನ ಕಡೆಯಿಂದ ಬಂದ ಕೆಲವು ಕುಟುಂಬಗಳು ಕಾಡು ಕಡಿದು ರಬ್ಬರ್ ಸಸಿ ನೆಟ್ಟು ಕೂತಿದ್ದವು. ಅವರ ಮುಂದಾಳು ಔಸೇಪ್. ಅಂಚೆಪೆಟ್ಟಿಗೆ ಬೇಕೆಂದು ಆತ ಬಂದ ವರ್ಷದಿಂದಲೇ ಸಿಕ್ಕಸಿಕ್ಕವರಿಗೆಲ್ಲ ಅರ್ಜಿ ಹಾಕುತ್ತ ಬಂದಿದ್ದ. ಕಳ್ಳು ಇಳಿಸಲು ಬೈನೆ ಮರಕ್ಕೆ ಬಂದವನ ಕಣ್ಣಿಗೆ ಪೊಟರೆಯಲ್ಲಿ ಕೆಂಪು ಪೆಟ್ಟಿಗೆ, ಒಳಗೆ ಗುಂಡಗಿನ ಮುದ್ರೆ, ಶಾಯಿಯ ಪ್ಯಾಡು. ಅರ್ಜಿ ಹಾಕಿ ಕಾದವನಿಗೆ ಇನ್ನೇನು ಸಾಕ್ಷಿ ಬೇಕು? ಸರಕಾರ ಬಂದು, ಗದ್ದಲ ಮಾಡದೆ, ಕೆಲಸ ಮುಗಿಸಿ ಹೋಗಿದೆ. ಮಳೆಗೂ ಮಂಗಗಳಿಗೂ ಹೆದರಿ ಒಳಗೆ ಅಡಗಿಸಿದ್ದಾರೆ, ಕಾಗದ ಹಾಕಿದವರು ಹಾಗೇ ಮುಚ್ಚಿಡಬೇಕು ಎಂಬುದನ್ನೂ ತಾನೇ ಊಹಿಸಿ ಎಲ್ಲರಿಗೂ ಹೇಳಿಕೊಟ್ಟಿದ್ದ.

"ಇದೆಂತ ಅನ್ಯಾಯ ಮಾರಾಯ್ರೆ! ಒಂದು ಗುರುತು ಹಾಕ್ಲಿಕ್ಕೆ ಆಗ್ಲಿಲ್ಲ, ಕಾಗದ ಹಾಕ್ಲಿಕ್ಕೆ ಆಯ್ತಾ?" ಎಂದು ಮಾಸ್ತರರು ಕೂಗಾಡಿದರು. ಕೂಗಾಡುತ್ತಲೇ ಕಾಗದಗಳನ್ನು ಜೋಡಿಸಿ ಚೀಲಕ್ಕೆ ಹಾಕಿಕೊಂಡರು. "ಇದೊಂದು ಸಲ" ಎಂದು ಹೇಳಿ ರಸ್ತೆಬದಿಯ ಅಂಚೆಕಚೇರಿಗೆ ಕೊಟ್ಟರು. ಇನ್ನು ಮುಂದೆ ಇಂಥ ತಪ್ಪಾಗಬಾರದೆಂದು ಒಂದು ಹಲಗೆ ಬರೆದುಕೊಡಲು ನನಗೆ ಹೇಳಿದರು. ನಾನು ರಾತ್ರಿಯೆಲ್ಲ ತಿದ್ದಿ ಬರೆದೆ: 'ಪಥಿಕರ ಗಮನಕ್ಕೆ. ಇದು ಅಂಚೆಯ ಪೆಟ್ಟಿಗೆಯಲ್ಲ. ಪತ್ರಗಳನ್ನು ಇದರಲ್ಲಿ ಹಾಕಕೂಡದೆಂದು ವಿನಂತಿ.' ಅಕ್ಷರ ದುಂಡಾಗಿತ್ತು, ಕನ್ನಡ ಶುದ್ಧವಾಗಿತ್ತು, ನನಗೆ ಬಹಳ ಸಂತೋಷವಾಗಿತ್ತು.

ಆ ಇಳಿಜಾರಿನಲ್ಲಿ ಕನ್ನಡ ಓದಬಲ್ಲವರು ಒಬ್ಬರೂ ಇರಲಿಲ್ಲ ಎಂಬುದು ನಮಗೆ ಹೊಳೆಯಲಿಲ್ಲ. ಪೆಟ್ಟಿಗೆಯ ಹತ್ತಿರ ಬೋರ್ಡೂ ಬಂತೆಂದರೆ ಅವರಿಗೆ ಉಳಿದ ಸಂಶಯವೂ ಹೋಯಿತು. ಅದರಲ್ಲಿರುವುದು ಟಪಾಲು ತೆಗೆಯುವ ಹೊತ್ತು ಎಂದು ಔಸೇಪ್ ಓದಿ ಹೇಳಿದನಂತೆ. ಮುಂದಿನ ವಾರ ಹೋದಾಗ ಕಟ್ಟು ಇನ್ನೂ ದಪ್ಪ ಇತ್ತು. ಹಲಗೆಗೆ ಒಂದು ಮಾಲೆಯೂ ಇತ್ತು.

ಹೀಗೆ ನಮ್ಮ ಡ್ರಿಲ್ ಮಾಸ್ತರರು ಪ್ರತಿ ಆದಿತ್ಯವಾರ ಗುಡ್ಡ ಹತ್ತತೊಡಗಿದರು. ಮೊದಲಿಗೆ, ಈ ಸಲ ಹೇಳಿಯೇ ಬರುತ್ತೇನೆ ಎಂದು ಹೋಗುತ್ತಿದ್ದರು. ಆಮೇಲೆ ಅದು ಬರೀ ಮಾತಾಯಿತು. ಉತ್ತರಗಳು ಅಂಚೆಕಚೇರಿಗೆ ಬರತೊಡಗಿದ ಮೇಲೆ ಹತ್ತುವಾಗಲೂ ಚೀಲ, ಇಳಿಯುವಾಗಲೂ ಚೀಲ. ಬೈನೆ ಮರದ ಬುಡದಲ್ಲಿ ನಿಂತು ಸೀಟಿ ಊದಿದರೆ ಇಳಿಜಾರಿನಿಂದ ಜನ ಬರುತ್ತಿದ್ದರು. ಬಂದವರನ್ನು ಎತ್ತರದ ಪ್ರಕಾರ ನಿಲ್ಲಿಸಿ ಕಾಗದ ಹಂಚುತ್ತಿದ್ದರು. ಔಸೇಪನೇ ಎಲ್ಲರಿಗಿಂತ ಕುಳ್ಳ, ಯಾವಾಗಲೂ ಮೊದಲು ಅವನದೇ ಪಾಳಿ. ಆಮೆ ಮುದ್ರೆ ಮಸುಕಾಗಿದ್ದರೆ ಮತ್ತೊಮ್ಮೆ ಗಟ್ಟಿಯಾಗಿ ಒತ್ತುತ್ತಿದ್ದರು. ಕೆಲಸ ಅರೆಬರೆ ಆಗುವುದು ಅವರಿಗೆ ಸೇರುತ್ತಿರಲಿಲ್ಲ.

"ಇವರದ್ದು ಸುಮ್ಮನೆ ಹತ್ತುದು ಅಂತ ಒಂದು ಆಟ ಇತ್ತಲ್ಲ, ಅದು ಎಂತಾಯ್ತು?" ಎಂದು ಅಕ್ಕ ಗೋಡೆಯ ಮೇಲಿಂದ ನನ್ನನ್ನು ಕೇಳುತ್ತಿದ್ದರು. "ಈಗ ಎತ್ತು ಗಾಣಕ್ಕೆ ಹೋದ ಹಾಗೆ ಹೋಗ್ತಾರೆ. ಬೈದ್ರೆ ಕೇಳುದಿಲ್ಲ. ನೀವಾದ್ರೂ ಹೇಳಿ ಪಂಡಿತರೆ."

ನಾನು ಹೇಳಿದೆ. "ನಾಳೆ ಹೋಗಿ ಹೇಳಿಬಿಡ್ತೇನೆ" ಎಂದರು. ಹೋದರು. ಔಸೇಪನ ಮುದಿ ತಾಯಿ ಕಾಗದವನ್ನು ಸೆರಗಿನಲ್ಲಿ ಒರಸಿ ಒರಸಿ ನೋಡುತ್ತ ಕೂತದ್ದನ್ನು ನೋಡಿ ಹಾಗೇ ಇಳಿದು ಬಂದರು. ಆ ಮುದುಕಿಗೆ ಓದಲು ಬರುತ್ತಿರಲಿಲ್ಲ.

ಒಂದೂವರೆ ವರ್ಷ ಕಳೆದಿರಬೇಕು. ತಿರುವಾಂಕೂರಿನ ಕಡೆಯ ಯಾವುದೋ ಅಂಚೆಕಚೇರಿಯ ಶಿಸ್ತಿನ ಮನುಷ್ಯನೊಬ್ಬ, ಈ ಆಮೆ ಯಾವ ಕಚೇರಿಯದು ಎಂದು ಮೇಲಕ್ಕೆ ಬರೆದ. ಮೇಲಿನವರು ಇನ್ನೂ ಮೇಲಕ್ಕೆ ಬರೆದರು. ಕೊನೆಗೆ ಒಬ್ಬ ಅಂಚೆ ಇನ್ಸ್‌ಪೆಕ್ಟರು ರಸ್ತೆಬದಿಯ ಅಂಚೆಕಚೇರಿಯಲ್ಲಿ ಕಾಗದ ತರುವವರು ಯಾರೆಂದು ಕೇಳಿಕೊಂಡು, ಕೊಡೆ ಹಿಡಿದು ನಮ್ಮ ಶಾಲೆಗೆ ಬಂದರು. ಟಪಾಲು ನಡೆಸುವುದು ಸರಕಾರದ ಹಕ್ಕು. ಬೇರೆಯವರು ಪೆಟ್ಟಿಗೆ ಇಟ್ಟು ಮುದ್ರೆ ಒತ್ತಿದರೆ ಅಪರಾಧ. ರುಜುವಾತಾದರೆ ಕೆಲಸ ಹೋಗುತ್ತದೆ, ಕೆಲಸದೊಂದಿಗೆ ಪೆನ್ಶನ್ನೂ ಹೋಗುತ್ತದೆ ಎಂದರು. ಮಾಸ್ತರರ ನಿವೃತ್ತಿಗೆ ಉಳಿದದ್ದು ಕೆಲವೇ ವರ್ಷ. ಮಕ್ಕಳಿಲ್ಲದ ಆ ದಂಪತಿಗೆ ಪೆನ್ಶನ್ ಬಿಟ್ಟರೆ ಬೇರೆ ಆಧಾರ ಇರಲಿಲ್ಲ. ಅಕ್ಕ ಆ ದಿನ ಒಲೆ ಹಚ್ಚಲಿಲ್ಲ.

ಸ್ಥಳತನಿಖೆಗೆ ನಾವು ಮೂವರೂ ಹೊರಟೆವು: ಇನ್ಸ್‌ಪೆಕ್ಟರು, ಮಾಸ್ತರರು, ಸಾಕ್ಷಿಯೆಂದು ನಾನು. ಇನ್ಸ್‌ಪೆಕ್ಟರು ದಪ್ಪ ಮನುಷ್ಯ, ಹೊಸ ಕ್ಯಾನ್ವಾಸ್ ಶೂ. ಅರ್ಧ ಗುಡ್ಡಕ್ಕೇ ಬೆವರಿನಲ್ಲಿ ಮಿಂದಿದ್ದರು. ಬೋಳುಬಂಡೆಯ ಹತ್ತಿರ ಬಂದಾಗ ಮಾಸ್ತರರು ಪೆಟ್ಟಿಗೆಯ ಕಡೆಗೆ ಕೈ ಎತ್ತಿದರು.

"ನೀವು ತೋರಿಸ್ಬಾರ್ದು" ಎಂದರು ಇನ್ಸ್‌ಪೆಕ್ಟರು. "ಆರೋಪಿ ತೋರಿಸಿದ್ರೆ ಕೇಸು ನಿಲ್ಲುದಿಲ್ಲ. ನಾನೇ ಹುಡುಕ್ಬೇಕು. ಶಾಲೆಯ ಬೋರ್ಡಿನಲ್ಲಿದ್ದ ಆ ಚೀಟಿ ನನ್ನ ಹತ್ರ ಉಂಟು." ಕಿಸೆಯಿಂದ ಚೀಟಿ ತೆಗೆದು ಗಟ್ಟಿಯಾಗಿ ಓದಿದರು: "ಬೋಳುಬಂಡೆಗೆ ಬೆನ್ನು ಕೊಟ್ಟು, ಘಟ್ಟವನ್ನು ಎಡಗೈಯಲ್ಲಿ ಹಿಡಿದು ನಡೆದವನಿಗೆ ಒಂಟಿಯಾಗಿ ನಿಂತವಳು ಕಾಣುತ್ತಾಳೆ. ಬಾಯಾರಿದವನು ಮೇಲೆ ನೋಡುತ್ತಾನೆ, ಜಾಣನು ಕೆಳಗೆ ನೋಡುತ್ತಾನೆ." ಓದಿ ತಲೆಯೆತ್ತಿ ಕೇಳಿದರು: "ಇದೆಂತ ಭಾಷೆ? ಯಾರು ಬರೆದದ್ದು?"

ನಾನು ಘಟ್ಟದ ಕಡೆಗೆ ನೋಡಿದೆ.

ಮಾಸ್ತರರ ಮುಖವನ್ನು ನೀವು ನೋಡಬೇಕಿತ್ತು. ಪೆಟ್ಟಿಗೆ ಇಟ್ಟಂದಿನಿಂದ ಅವರು ಕಾದದ್ದು ಇದಕ್ಕೇ. ಒಬ್ಬ ಮನುಷ್ಯ, ಕೈಯಲ್ಲಿ ಸುಳಿವಿನ ಚೀಟಿ, ಗುಡ್ಡದ ಮೇಲೆ, ಹುಡುಕುತ್ತಿದ್ದಾನೆ. ಅವನು ತನ್ನ ಅನ್ನ ಕೀಳಲು ಬಂದವನು ಎಂಬುದು ಸಣ್ಣ ವಿಷಯ. ಇನ್ಸ್‌ಪೆಕ್ಟರು ಘಟ್ಟವನ್ನು ಬಲಕ್ಕೆ ಇಟ್ಟುಕೊಂಡು ಹೊರಟರು. ಮಾಸ್ತರರು ಸೀಟಿಯನ್ನು ಬಾಯಲ್ಲಿ ಕಚ್ಚಿ ಹಿಡಿದರು. ನಾನು ಅವರ ರಟ್ಟೆ ಹಿಡಿದು, "ಸುಮ್ಮನಿರಿ. ಸಿಗದಿದ್ರೆ ಕೇಸೇ ಇಲ್ಲ" ಎಂದೆ. ತಲೆ ಆಡಿಸಿದರು. ಇನ್ಸ್‌ಪೆಕ್ಟರು ತಿರುಗಿ ಬಂದು ಎಡಕ್ಕೆ ಹೋದರು. ನನ್ನ ಹಲಗೆ ಹಿಂದಿನ ಮಳೆಗಾಲಕ್ಕೇ ಗೆದ್ದಲು ಹಿಡಿದು ಬಿದ್ದುಹೋಗಿತ್ತು. ಬೈನೆ ಮರದ ಕೆಳಗೆ ನಿಂತು, ಮೇಲೆ ಕಟ್ಟಿದ್ದ ಕಳ್ಳಿನ ಮಡಕೆಯನ್ನು ತುಂಬ ಹೊತ್ತು ಪರೀಕ್ಷಿಸಿದರು. ಆಮೇಲೆ ಬೇಸತ್ತು ಕೊಡೆ ಬಿಡಿಸಿ ವಾಪಸು ಹೊರಟರು. ಮಾಸ್ತರರು ಇನ್ನೊಂದು ಗಳಿಗೆ ತಡೆದುಕೊಂಡಿದ್ದರೆ ಕೇಸು ಅಲ್ಲಿಗೇ ಮುಗಿಯುತ್ತಿತ್ತು.

"ಮಡಕೆ ಅಲ್ಲ ಸಾರ್, ಕೆಳಗೆ! ಜಾಣ ಕೆಳಗೆ ನೋಡುದು!" ಮಾಸ್ತರರ ಕೂಗು ಗುಡ್ಡದಾಚೆಗೂ ಕೇಳಿರಬೇಕು.

ಇನ್ಸ್‌ಪೆಕ್ಟರು ಬಗ್ಗಿದರು, ಕಲ್ಲು ಸರಿಸಿದರು. "ಸಿಕ್ಕಿತು!" ಎಂದು ಅವರೂ ಕೂಗಿದರು. ಒಂದು ಕ್ಷಣ ತಾವು ಸರಕಾರಿ ನೌಕರರೆಂಬುದನ್ನು ಮರೆತು ಪೆಟ್ಟಿಗೆ ಎತ್ತಿ ಹಿಡಿದು ನಮ್ಮತ್ತ ನಕ್ಕರು. ಮಾಸ್ತರರೂ ನಕ್ಕರು. ಗುಡ್ಡದ ಮೇಲೆ ನಗದವನು ನಾನೊಬ್ಬನೇ.

ಕೂಗು ಕೇಳಿ ಔಸೇಪ್ ತನ್ನ ಜನರೊಂದಿಗೆ ಬಂದ. ಬೆನ್ನಿಗೆ ಅವನ ತಾಯಿಯೂ ಕೋಲೂರಿಕೊಂಡು ಬಂದಳು. ಇಲಾಖೆಯ ದೊಡ್ಡ ಸಾಹೇಬರು ಬಂದಿದ್ದಾರೆಂದು ತಿಳಿದದ್ದೇ, ಬಾಳೆಹಣ್ಣು ಬಂತು, ಬೆಲ್ಲದ ಕಾಫಿ ಬಂತು. ನಮ್ಮ ಮಾಸ್ತರರಿಗೆ ಒಳ್ಳೆಯದಾಗಲಿ ಎಂದು ಔಸೇಪ್ ಮನಬಿಚ್ಚಿ ಸಾಕ್ಷಿ ಹೇಳಿದ.

"ಈ ಸಾರು ಮಳೆಗೂ ಬರ್ತಾರೆ ಸಾರೇ. ಒಂದು ಆದಿತ್ಯವಾರ ತಪ್ಪಿಲ್ಲ."

ಇನ್ಸ್‌ಪೆಕ್ಟರು ಬರೆದುಕೊಂಡರು.

"ಮುದ್ರೆ ಅವರ ಕೈಯಿಂದಲೇ ಒತ್ತುದು. ಎರಡೆರಡು ಸಲ."

ಅದನ್ನೂ ಬರೆದುಕೊಂಡರು. ಔಸೇಪ್ ಹೊಗಳಿದಷ್ಟೂ ಅಪರಾಧ ದೊಡ್ಡದಾಗುತ್ತ ಹೋಯಿತು. ಬಾಯಿ ಮುಚ್ಚು ಎಂದು ಹೇಳುವ ಹಾಗಿಲ್ಲ. ಅವನಿಗೆ ಕಣ್ಸನ್ನೆ ಮಾಡಿದರೆ, ಕಾಫಿ ಬೇಕೇನೋ ಎಂದು ನನ್ನ ಲೋಟ ತುಂಬಿಸಿದ. ಕೊನೆಗೆ ಮುದುಕಿ ಇನ್ಸ್‌ಪೆಕ್ಟರ ಹತ್ತಿರ ಬಂದು, ಅವರ ಎರಡೂ ಕೈ ಹಿಡಿದು, ತನ್ನ ಭಾಷೆಯಲ್ಲಿ ಏನೋ ಹೇಳಿದಳು. ಔಸೇಪ್ ಕನ್ನಡಕ್ಕೆ ತಿರುಗಿಸಿದ. "ನನ್ನ ತಂಗಿ ಅಲ್ಲಿ ಊರಲ್ಲಿ. ಅವಳು ಹೆತ್ತದ್ದು, ಮಗುವಿಗೆ ಹೆಸರಿಟ್ಟದ್ದು, ಎಲ್ಲ ಅಮ್ಮನಿಗೆ ಈ ಪೆಟ್ಟಿಗೆಯಿಂದಲೇ ಗೊತ್ತಾದದ್ದು. ನಾವು ಊರು ಬಿಟ್ಟವರು ಸಾರೇ. ಸರಕಾರಕ್ಕೆ ನಾವು ಇಲ್ಲಿ ಉಂಟು ಅಂತ ಗೊತ್ತಿಲ್ಲ ಅಂತ ಅಮ್ಮ ಅಳ್ತಿದ್ರು. ಈಗ ಅಳುದಿಲ್ಲ."

ಇನ್ಸ್‌ಪೆಕ್ಟರು ಕೆಟ್ಟವರಲ್ಲ. ಮಾಸ್ತರರನ್ನು ಬಂಡೆಯ ಬದಿಗೆ ಕರೆದುಕೊಂಡು ಹೋಗಿ ತಗ್ಗಿದ ದನಿಯಲ್ಲಿ, "ನೋಡಿ, ಒಂದು ದಾರಿ ಉಂಟು" ಎಂದರು. "ಇದು ಅಂಚೆಪೆಟ್ಟಿಗೆ ಅಲ್ಲ, ಮಕ್ಕಳಾಟದ ಡಬ್ಬಿ, ಇವರು ತಿಳಿಯದೆ ಕಾಗದ ಹಾಕಿದ್ದು ಅಂತ ನನ್ನ ಎದುರು ಇವರಿಗೆ ಹೇಳಿ. ಅವರು ಹೌದು ಅಂತ ಹೆಬ್ಬೆಟ್ಟು ಹಾಕ್ಲಿ. ಆಟ ಅಂತ ಬರೆದು ಕೇಸು ಮುಗಿಸ್ತೇನೆ. ನಿಮ್ಮ ಪೆನ್ಶನ್ ಉಳೀತದೆ."

ಎಷ್ಟೋ ತಿಂಗಳಿಂದ ಪ್ರತಿ ಶನಿವಾರ, ನಾಳೆ ಹೇಳುತ್ತೇನೆ ಎನ್ನುತ್ತಿದ್ದ ಮಾತು ಅದು. ಈಗ ಹೇಳಿದರೆ ಸಾಕು, ಕೂಲಿಯೂ ಸಿಗುತ್ತದೆ. ನಾನು ಮನಸ್ಸಿನಲ್ಲೇ, ಹೇಳಿ ಮಾರಾಯ್ರೆ, ಅಕ್ಕನ ಮುಖ ನೋಡಿ ಹೇಳಿ ಎಂದು ಬೇಡುತ್ತಿದ್ದೆ.

ಮಾಸ್ತರರು ಮುದುಕಿಯ ಕಡೆ ನೋಡಿದರು. "ಸಾರ್, ಅವರಿಗೆ ಸರಕಾರ ಸಿಕ್ಕಿತು ಅಂತ ಎಣಿಸಿ ಆಗಿದೆ. ಅದು ನನ್ನ ಬೂಟಿನ ಹಿಮ್ಮಡಿ ಅಂತ ಈಗ ಹೇಗೆ ಹೇಳುದು?" ಎಂದರು. "ಬರ್ಕೊಳ್ಳಿ. ಪೆಟ್ಟಿಗೆ ನಂದು, ಮುದ್ರೆ ನಂದು, ಟಪಾಲು ತೆಗೆದದ್ದೂ ನಾನು. ಅವರನ್ನು ಕೇಳುದು ಬೇಡ."

ಇನ್ಸ್‌ಪೆಕ್ಟರು ಅದನ್ನೂ ಬರೆದುಕೊಂಡರು. ಪೆಟ್ಟಿಗೆ ವಶಪಡಿಸಿಕೊಂಡದ್ದನ್ನು ಬರೆಯಲು ಕಾಗದ ಸಾಲದೆ ಹೋದಾಗ ಮಾಸ್ತರರು ಮುಂದೆ ಬಂದು, "ಅದರೊಳಗಿನ ಪುಸ್ತಕದಲ್ಲಿಯೇ ಬರೆಯಿರಿ ಸಾರ್. ಹುಡುಕಿದವರು ಅದರಲ್ಲಿ ಸಹಿ ಹಾಕುದು ಕ್ರಮ" ಎಂದರು. ಇನ್ಸ್‌ಪೆಕ್ಟರು ಅವರ ಮುಖವನ್ನೇ ನೋಡಿ, ಮೊದಲ ಪುಟದಲ್ಲಿ ಬರೆದು, ಸಹಿ ಹಾಕಿ, ಕೆಳಗೆ ಇಲಾಖೆಯ ಮುದ್ರೆಯನ್ನೂ ಒತ್ತಿದರು. ಮಾಸ್ತರರು ಕತ್ತು ಚಾಚಿ ಅದನ್ನು ಎರಡು ಸಲ ಓದಿದರು. ಆ ಪುಸ್ತಕಕ್ಕೆ ಬಂದ ಗುರುತು ಅದೊಂದೇ, ಅದನ್ನೂ ಸಾಕ್ಷ್ಯವೆಂದು ತೆಗೆದುಕೊಂಡು ಹೋದರು.

"ಪೆಟ್ಟಿಗೆ ಎಲ್ಲಿಗೆ ಸಾರೇ?" ಎಂದು ಔಸೇಪ್ ಗಾಬರಿಯಿಂದ ಕೇಳಿದ.

ಇನ್ಸ್‌ಪೆಕ್ಟರು ಕೊಡೆ ಬಿಡಿಸಿದರು. "ರಿಪೇರಿಗೆ" ಎಂದರು. ಇಳಿಯುವಾಗ, ಯಾರನ್ನೂ ನೋಡದೆ, "ಕೈ ಮೇಲೆ ಕೊಟ್ಟ ಕಾಗದವನ್ನು ಪೋಸ್ಟ್ ಮಾಡುದು ತಪ್ಪಲ್ಲ. ಪೆಟ್ಟಿಗೆ ಇಡುದು, ಮುದ್ರೆ ಒತ್ತುದು ತಪ್ಪು" ಎಂದು ತಮಗೆ ತಾವೇ ಎಂಬಂತೆ ಹೇಳಿಕೊಂಡರು.

ಕೆಲಸ ಹೋಗಲಿಲ್ಲ. ಇನ್ಸ್‌ಪೆಕ್ಟರು ಏನು ಬರೆದರೋ ತಿಳಿಯದು; ಮೇಲಿನಿಂದ ಒಂದು ಕಟುವಾದ ಛೀಮಾರಿ ಬಂತು, ಬಡ್ತಿ ನಿಂತಿತು, ಕೊನೆಯ ವರ್ಷಗಳಿಗೆ ಸುಳ್ಯದ ಕಡೆಗೆ ವರ್ಗವಾಯಿತು. ಪೆನ್ಶನ್ ಬಂತು, ಸೊರಗಿಕೊಂಡು ಬಂತು. ಇಲಾಖೆಯವರು ನಿಜವಾದ ಒಂದು ಅಂಚೆಪೆಟ್ಟಿಗೆಯನ್ನೂ ಇಟ್ಟರು, ಗುಡ್ಡದ ಬುಡದಲ್ಲಿ, ಹೆದ್ದಾರಿಯ ಬದಿಯಲ್ಲಿ, ಅದರ ಅಗತ್ಯ ಯಾರಿಗೂ ಇಲ್ಲದ ಜಾಗದಲ್ಲಿ. ಅದು ತಮ್ಮ ಪೆಟ್ಟಿಗೆಯ ಶಾಖೆ ಎಂದು ಗುಡ್ಡದ ಮೇಲಿನವರು ತಿಳಿದರು.

ಸುಳ್ಯದಿಂದಲೂ ಮಾಸ್ತರರು ಬಂದು ಹತ್ತುತ್ತಿದ್ದರು, ಪ್ರತಿ ವಾರ ಅಲ್ಲ, ಆದಾಗ. ನಿವೃತ್ತರಾಗಿ ದರ್ಬೆಗೆ ಮರಳಿದ ಮೇಲೆ ಮತ್ತೆ ವಾರವಾರ. ಮನೆಮನೆಗೆ ಹೋಗಿ ಕೈಮೇಲೆ ಕಾಗದ ತೆಗೆದುಕೊಳ್ಳುತ್ತಿದ್ದರು. ಇಲಾಖೆ ಸುಧಾರಿಸಿತು, ಈಗ ಬಾಗಿಲಿಗೇ ಬರುತ್ತದೆ ಎಂದು ಅವರೆಲ್ಲ ಮೆಚ್ಚಿಕೊಂಡರಂತೆ. ಮೊಣಗಂಟು ಊದಿದಾಗ ಅಕ್ಕ ನನ್ನೆದುರೇ ಎಣ್ಣೆ ಹಚ್ಚುತ್ತ ಅತ್ತುಬಿಟ್ಟಿದ್ದರು. "ಒಂದು ಮಾತು ಹೇಳಿದ್ರೆ ಮುಗೀತಿತ್ತಲ್ಲ, ಯಾಕೆ ಹೇಳ್ಲಿಲ್ಲ?" ಎಂದು ನಾನೂ ಸಿಟ್ಟಿನಿಂದ ಕೇಳಿದ್ದೆ.

"ಹೇಳುದು, ಹೇಳುದು" ಎಂದಿದ್ದರು. "ಮಳೆಗಾಲ ಒಂದು ಕಳೀಲಿ." ಆ ಮಳೆಗಾಲದಲ್ಲೇ ಜ್ವರ ಬಂದು ಹೋದರು. ಕೊನೆಗೂ ಹೇಳಲಿಲ್ಲ. ಆ ಸಿಟ್ಟು ನನಗೆ ಅವರು ಹೋದ ಮೇಲೂ ಇತ್ತು.

ಉತ್ತರಕ್ರಿಯೆಯ ಊಟಕ್ಕೆ ಔಸೇಪ್ ಬಂದ. ಬಿಳಿ ಮುಂಡು, ಬಿಳಿ ಅಂಗಿ, ಜೊತೆಗೆ ಇಳಿಜಾರಿನ ಎಲ್ಲ ಮನೆಗಳಿಂದ ಒಬ್ಬೊಬ್ಬರು. ಅವನ ತಲೆಯೂ ನರೆತಿತ್ತು. ಊಟ ಮುಗಿಸಿ ಚಪ್ಪರದ ಮೂಲೆಯಲ್ಲಿ ನನ್ನ ಪಕ್ಕ ಕೂತು, ಬಂದವರನ್ನೆಲ್ಲ ಒಬ್ಬೊಬ್ಬರಾಗಿ ನೋಡಿದ. ಶಾಲೆಯವರು, ನೆರೆಯವರು, ಅಕ್ಕನ ಕಡೆಯ ನೆಂಟರು. ಅವನು ಹುಡುಕುತ್ತಿದ್ದವರು ಕಾಣಲಿಲ್ಲ. ಸಂಕೋಚದಿಂದ ನನ್ನ ಕಡೆಗೆ ಬಾಗಿದ.

"ಸಾರೇ, ಇಲಾಖೆಯಿಂದ ಯಾರೂ ಬರ್ಲಿಲ್ವಾ? ಇಷ್ಟು ವರ್ಷ ಸರ್ವೀಸು ಮಾಡಿದವರು. ಒಬ್ಬರಾದ್ರೂ ಬರ್ಬೇಡ್ವಾ?"

ಅಕ್ಕ ಬಾಗಿಲ ಬಳಿ ನಿಂತು ನನ್ನನ್ನೇ ನೋಡುತ್ತಿದ್ದರು. ಈಗಲಾದರೂ ಯಾರಾದರೂ ಹೇಳಿಬಿಡಬಹುದಿತ್ತು. ಕಳೆದುಕೊಳ್ಳಲು ಕೆಲಸ, ಪೆನ್ಶನ್ ಯಾವುದೂ ಉಳಿದಿರಲಿಲ್ಲ.

"ಬಂದಿದ್ದೇನಲ್ಲ" ಎಂದೆ. "ಇಲಾಖೆಯ ಪರವಾಗಿ ನಾನೇ ಬಂದದ್ದು."

ಔಸೇಪ್ ಥಟ್ಟನೆ ಎದ್ದು ನಿಂತ. ಅವನ ಜನರೂ ಎದ್ದರು. ನನ್ನ ಎರಡೂ ಕೈಗಳನ್ನು ಹಿಡಿದುಕೊಂಡು, "ನಿಮ್ಮ ಇಲಾಖೆಗೆ ದೊಡ್ಡ ನಷ್ಟ ಸಾರೇ" ಎಂದ.

ಹೌದು, ಅಂಥವರು ಇಲಾಖೆಯಲ್ಲಿ ಇನ್ನೊಬ್ಬರಿಲ್ಲ ಎಂದೆ.